ಗಣಕ ನೆರವಿನ ಕೈಬರಹ ಹೋಲಿಕೆ

ಗಣಕ ನೆರವಿನ ಕೈಬರಹ ಹೋಲಿಕೆಯು ವಿಧಿವಿಜ್ಞಾನದ ದಾಖಲೆ ಪರೀಕ್ಷೆಯಲ್ಲಿ ಬಳಕೆಗೆ ಬಂದಿರುವ ಒಂದು ವಿಧಾನ. ವಿವಾದಕ್ಕೆ ಒಳಗಾದ ಬರಹ ಅಥವಾ ಸಹಿಯ ಬಿಂಬವನ್ನು, ಯಾರು ಬರೆದದ್ದೆಂದು ಮೊದಲೇ ತಿಳಿದಿರುವ ಬರಹದ ಬಿಂಬದೊಡನೆ ಗಣಕಯಂತ್ರದ ಮೂಲಕ ಅಳೆದು ಹೋಲಿಸಲಾಗುತ್ತದೆ. ಎರಡರ ನಡುವಣ ಸಾಮ್ಯ ಮತ್ತು ವ್ಯತ್ಯಾಸಗಳಿಗೆ ಸಾಕ್ಷ್ಯವಾಗಿ ಎಷ್ಟು ಬಲವಿದೆ ಎಂಬುದನ್ನು ಅಂಕಿಯಲ್ಲಿ ಸೂಚಿಸುವುದು ಇದರ ಉದ್ದೇಶ. ಉಯಿಲು, ಕ್ರಯಪತ್ರ, ಸಾಲಪತ್ರ, ಚೆಕ್ಕು, ಬೆದರಿಕೆ ಪತ್ರ, ಅನಾಮಧೇಯ ದೂರು, ಆತ್ಮಹತ್ಯೆಯ ಮುನ್ನ ಬರೆದದ್ದೆನ್ನಲಾದ ಚೀಟಿ, ಪರೀಕ್ಷೆಯ ಉತ್ತರ ಪತ್ರಿಕೆ ಮೊದಲಾದವುಗಳ ಸಾಚಾತನದ ಬಗ್ಗೆ ಸಂಶಯ ಬಂದಾಗ ಇಂತಹ ಪರೀಕ್ಷೆ ಬೇಕಾಗುತ್ತದೆ.

ಗಣಕವು ತಜ್ಞ ಪರೀಕ್ಷಕರ ಸ್ಥಾನವನ್ನು ತೆಗೆದುಕೊಂಡಿಲ್ಲ. ಕಣ್ಣಳತೆಯಲ್ಲಿ ನಡೆಯುತ್ತಿದ್ದ ಹೋಲಿಕೆಗೆ ಅದು ಅಳತೆಯನ್ನೂ, ತಪ್ಪಿನ ಪ್ರಮಾಣವನ್ನು ಲೆಕ್ಕಹಾಕುವ ದಾರಿಯನ್ನೂ ಒದಗಿಸಿದೆ. ಆದರೆ ಯಂತ್ರ ಕೊಡುವ ಅಂಕಿಯು ಹೋಲಿಕೆಗೆ ಒದಗಿಸಿದ ಮಾದರಿಗಳನ್ನೂ ಯಂತ್ರಕ್ಕೆ ತರಬೇತಿ ನೀಡಲು ಬಳಸಿದ ಬರಹಗಳ ಸಂಗ್ರಹವನ್ನೂ ಅವಲಂಬಿಸಿರುತ್ತದೆ. ಒಬ್ಬ ವ್ಯಕ್ತಿಯ ಆಸ್ತಿ, ಮಾನ ಅಥವಾ ಸ್ವಾತಂತ್ರ್ಯ ಒಂದು ಸಹಿಯ ಮೇಲೆ ನಿಂತಿರುವ ಪ್ರಕರಣಗಳಲ್ಲಿ ಈ ಅವಲಂಬನೆಯನ್ನು ಅರಿಯುವುದು ಅಗತ್ಯ.

ಬರಹದಿಂದ ವ್ಯಕ್ತಿಯ ಸ್ವಭಾವವನ್ನೋ ಭವಿಷ್ಯವನ್ನೋ ಹೇಳುವುದಾಗಿ ಸಾರುವ ಗ್ರಾಫಾಲಜಿಗೂ ಈ ವಿಧಾನಕ್ಕೂ ಸಂಬಂಧವಿಲ್ಲ.

ಮೂಲ ತತ್ತ್ವಗಳು

ಕೈಬರಹದ ಹೋಲಿಕೆಯು ಎರಡು ಗ್ರಹಿಕೆಗಳ ಮೇಲೆ ನಿಂತಿದೆ. ಮೊದಲನೆಯದು, ಸಾಕಷ್ಟು ಉದ್ದದ ಸಹಜ ಬರಹವಿದ್ದರೆ ಇಬ್ಬರ ಬರಹಗಳು ಎಲ್ಲ ಲಕ್ಷಣಗಳಲ್ಲೂ ಒಂದೇ ಆಗಿರುವುದಿಲ್ಲ. ಎರಡನೆಯದು, ಒಬ್ಬರೇ ಒಂದೇ ಪದವನ್ನು ಎರಡು ಸಲ ಬರೆದರೂ ಆ ಎರಡು ಪದಗಳು ಪಡಿಯಚ್ಚಿನಂತೆ ಹೊಂದುವುದಿಲ್ಲ. ಒಬ್ಬರ ಬರಹದೊಳಗೇ ಕಾಣುವ ಈ ಏರಿಳಿತವನ್ನು ಸಹಜ ವ್ಯತ್ಯಾಸ ಎನ್ನಲಾಗುತ್ತದೆ. ಒಬ್ಬರೊಳಗಿನ ವ್ಯತ್ಯಾಸವು ಇಬ್ಬರ ನಡುವಿನ ವ್ಯತ್ಯಾಸಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ಬರಹಗಾರರನ್ನು ಪ್ರತ್ಯೇಕಿಸಲು ಸಾಧ್ಯ. ಈ ಎರಡು ವ್ಯತ್ಯಾಸಗಳನ್ನು ಅಳೆಯುವುದೇ ಗಣಕದ ಮುಖ್ಯ ಕೆಲಸ.

ಪರೀಕ್ಷಕರು ಬರಹದ ಲಕ್ಷಣಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದೇ ಶಾಲೆಯಲ್ಲಿ, ಒಂದೇ ಕಾಪಿ ಬರಹದ ಕ್ರಮದಲ್ಲಿ ಕಲಿತವರೆಲ್ಲರಲ್ಲೂ ಕಾಣಬರುವ ಅಕ್ಷರ ರೂಪಗಳು ವರ್ಗಲಕ್ಷಣಗಳು. ಕಲಿತ ರೂಪದಿಂದ ಕೈ ತಾನಾಗಿ ದೂರ ಸರಿದು ರೂಢಿಸಿಕೊಂಡ ತಿರುವು, ಜೋಡಣೆ, ಒತ್ತು ಮತ್ತು ಅಂತರಗಳು ವೈಯಕ್ತಿಕ ಲಕ್ಷಣಗಳು. ವರ್ಗಲಕ್ಷಣಗಳು ಹೊಂದಿದ ಮಾತ್ರಕ್ಕೆ ಬರೆದವರು ಒಬ್ಬರೇ ಎನ್ನಲಾಗದು.

ಇತಿಹಾಸ

ಹೌಲೆಂಡ್ ಉಯಿಲು ಪ್ರಕರಣ

ಬರಹದ ಹೋಲಿಕೆಗೆ ಗಣಿತವನ್ನು ಬಳಸುವ ಯತ್ನವು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಿಲ್ವಿಯಾ ಆನ್ ಹೌಲೆಂಡ್ 1865ರಲ್ಲಿ ತೀರಿಕೊಂಡಾಗ, ಸೋದರ ಸಂಬಂಧದ ಮಗಳಾದ ಹೆಟ್ಟಿ ರಾಬಿನ್ಸನ್ ತನಗೆ ಹೆಚ್ಚು ಅನುಕೂಲವಾದ ಒಂದು ಪತ್ರವನ್ನು ಹಾಜರುಪಡಿಸಿದರು. ಅದರಲ್ಲಿನ ಸಹಿಯನ್ನು ಮತ್ತೊಂದು ಅಸಲಿ ಸಹಿಯ ಮೇಲಿಟ್ಟು ತಿದ್ದಿ ತೆಗೆಯಲಾಗಿದೆ ಎಂಬುದು ಎದುರು ಪಕ್ಷದ ವಾದವಾಗಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಮತ್ತು ಅವರ ಮಗ ಚಾರ್ಲ್ಸ್ ಸ್ಯಾಂಡರ್ಸ್ ಪಿಯರ್ಸ್ ಹೌಲೆಂಡರ 42 ಸಹಿಗಳನ್ನು ಎರಡೆರಡಾಗಿ ಜೋಡಿಸಿ, ದೊರೆತ 861 ಜೋಡಿಗಳಲ್ಲಿ ಸಹಿಯ 30 ಕೆಳಗೆರೆಗಳು ಎಷ್ಟು ಸಲ ಒಂದರ ಮೇಲೊಂದು ಹೊಂದುತ್ತವೆಂದು ಎಣಿಸಿದರು. ಒಂದು ಗೆರೆ ಹೊಂದುವ ಸಂಭವ ಸುಮಾರು ಐದರಲ್ಲಿ ಒಂದು ಎಂದು ತಿಳಿದುಬಂತು. ವಿವಾದಿತ ಸಹಿಯಲ್ಲಿ ಮೂವತ್ತೂ ಗೆರೆಗಳು ಹೊಂದಿದ್ದವು. ಅದು ಆಕಸ್ಮಿಕವಾಗಿ ಆಗುವ ಸಂಭವವು ಐದನೇ ಒಂದನ್ನು ಮೂವತ್ತು ಬಾರಿ ಗುಣಿಸಿದಷ್ಟು ಅತ್ಯಲ್ಪವೆಂದು ಬೆಂಜಮಿನ್ ಪಿಯರ್ಸ್ ಸಾಕ್ಷ್ಯ ನುಡಿದರು. 1868ರಲ್ಲಿ ನ್ಯಾಯಾಲಯವು ಬೇರೆ ಕಾನೂನು ಕಾರಣದ ಮೇಲೆ ರಾಬಿನ್ಸನ್ ವಿರುದ್ಧ ತೀರ್ಪಿತ್ತಿತು.

ಈ ಪ್ರಕರಣವು ಎರಡು ಪಾಠಗಳನ್ನು ಉಳಿಸಿದೆ. ಅತಿಯಾದ ಸಾಮ್ಯವೂ ಸಂಶಯಕ್ಕೆ ಕಾರಣ ಎಂಬುದು ಒಂದು. ಒಂದೇ ಸಹಿಯ ಗೆರೆಗಳು ಪರಸ್ಪರ ಸ್ವತಂತ್ರವಲ್ಲವಾದುದರಿಂದ ಅವುಗಳ ಸಂಭವಗಳನ್ನು ಹಾಗೆಯೇ ಗುಣಿಸುವುದು ಸರಿಯಲ್ಲ ಎಂಬುದು ಇನ್ನೊಂದು. ಒಂದು ಗೆರೆ ಹೊಂದಿತೆಂದರೆ ಅದರ ಪಕ್ಕದ್ದೂ ಹೊಂದುವ ಸಂಭವ ಸಹಜವಾಗಿಯೇ ಹೆಚ್ಚು.

ಡ್ರೇಫಸ್ ಪ್ರಕರಣ

ಕೈಬರಹದ ತಪ್ಪು ಹೋಲಿಕೆ ಒಬ್ಬ ನಿರಪರಾಧಿಯನ್ನು ಎಲ್ಲಿಗೆ ತಳ್ಳಬಲ್ಲದು ಎಂಬುದಕ್ಕೆ ಫ್ರಾನ್ಸಿನ ಆಲ್ಫ್ರೆಡ್ ಡ್ರೇಫಸ್ ಪ್ರಕರಣ ಅತ್ಯಂತ ಪ್ರಸಿದ್ಧ ನಿದರ್ಶನ. 1894ರಲ್ಲಿ ಸೇನಾ ರಹಸ್ಯಗಳ ಪಟ್ಟಿಯೊಂದು ಸಿಕ್ಕಿದಾಗ ಅದರ ಬರಹ ಸೇನಾಧಿಕಾರಿ ಡ್ರೇಫಸ್‌ರದೆಂದು ಆರೋಪಿಸಲಾಯಿತು. ಪರೀಕ್ಷಿಸಿದ ತಜ್ಞರಲ್ಲಿ ಒಮ್ಮತವಿರಲಿಲ್ಲ. ದೇಹದ ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವ ಪದ್ಧತಿಗೆ ಹೆಸರಾಗಿದ್ದ, ಆದರೆ ಕೈಬರಹ ತಜ್ಞರಲ್ಲದ ಆಲ್ಫೋನ್ಸ್ ಬರ್ಟಿಯೋನ್, ಎರಡು ಬರಹಗಳ ನಡುವೆ ಕಂಡ ವ್ಯತ್ಯಾಸಗಳನ್ನು ಡ್ರೇಫಸ್ ತಮ್ಮ ಬರಹವನ್ನೇ ತಾವು ಖೋಟಾ ಮಾಡಿದ್ದರ ಕುರುಹೆಂದು ವಾದಿಸಿ ಅದಕ್ಕೆ ಸಂಭವನೀಯತೆಯ ಲೆಕ್ಕವನ್ನೂ ಒದಗಿಸಿದರು. ಹೀಗೆ ಸಾಮ್ಯವೂ ವ್ಯತ್ಯಾಸವೂ ಆರೋಪಿಯ ವಿರುದ್ಧವೇ ನಿಂತವು. ಡ್ರೇಫಸ್‌ರನ್ನು ಡೆವಿಲ್ಸ್ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಪಟ್ಟಿಯನ್ನು ಬರೆದವನು ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿ ಎಂದು ಮುಂದೆ ಬಯಲಾಯಿತು. ಗಣಿತಜ್ಞರಾದ ಆನ್ರಿ ಪ್ವಾಂಕರೆ, ಗಾಸ್ತೋನ್ ದಾರ್ಬು ಮತ್ತು ಪಾಲ್ ಅಪೆಲ್ 1904ರಲ್ಲಿ ನೀಡಿದ ವರದಿಯು ಬರ್ಟಿಯೋನ್‌ರ ಲೆಕ್ಕಕ್ಕೆ ವೈಜ್ಞಾನಿಕ ಬೆಲೆಯಿಲ್ಲವೆಂದು ತೋರಿಸಿತು. 1906ರಲ್ಲಿ ಡ್ರೇಫಸ್ ನಿರ್ದೋಷಿಯೆಂದು ಘೋಷಿತರಾದರು.

ಗಣಕಯಂತ್ರದ ಪ್ರವೇಶ

ದಾಖಲೆ ಪರೀಕ್ಷೆಗೆ ಕ್ರಮಬದ್ಧ ರೂಪ ಕೊಟ್ಟವರಲ್ಲಿ ಅಮೆರಿಕದ ಆಲ್ಬರ್ಟ್ ಎಸ್. ಆಸ್ಬರ್ನ್ ಪ್ರಮುಖರು. ಅವರ ‘ಕ್ವೆಶ್ಚನ್ಡ್ ಡಾಕ್ಯುಮೆಂಟ್ಸ್’ ಗ್ರಂಥ 1910ರಲ್ಲಿ ಪ್ರಕಟವಾಯಿತು. ಭೂತಗನ್ನಡಿ, ಸೂಕ್ಷ್ಮದರ್ಶಕ ಮತ್ತು ಛಾಯಾಚಿತ್ರಗಳೇ ಬಹುಕಾಲ ಪರೀಕ್ಷಕರ ಸಾಧನಗಳಾಗಿದ್ದವು. ಬರಹದ ಬಿಂಬವನ್ನು ಗಣಕದಲ್ಲಿ ಸಂಗ್ರಹಿಸುವುದು ಸಾಧ್ಯವಾದ ಮೇಲೆ ಜರ್ಮನಿಯ ಒಕ್ಕೂಟ ಅಪರಾಧ ತನಿಖಾ ಸಂಸ್ಥೆಯು ‘ಫಿಶ್’ ಎಂಬ ವ್ಯವಸ್ಥೆಯನ್ನು ರೂಪಿಸಿತು. ಬೆದರಿಕೆ ಪತ್ರಗಳ ಅಳತೆಗಳನ್ನು ದಾಖಲಿಸಿ, ಹೊಸ ಪತ್ರ ಬಂದಾಗ ಅದನ್ನು ಹೋಲುವ ಹಳೆಯ ಪತ್ರಗಳನ್ನು ಸಂಗ್ರಹದಿಂದ ಹುಡುಕಿಕೊಡುವುದು ಅದರ ಕೆಲಸ. ಅಮೆರಿಕದ ಸೀಕ್ರೆಟ್ ಸರ್ವಿಸ್ ಕೂಡ ಇದನ್ನು ಬಳಕೆಗೆ ತಂದುಕೊಂಡಿತು.

1993ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡೌಬರ್ಟ್ ಪ್ರಕರಣದ ತೀರ್ಪಿನಲ್ಲಿ, ತಜ್ಞ ಸಾಕ್ಷ್ಯವು ಪರೀಕ್ಷೆಗೆ ಒಳಪಟ್ಟಿದೆಯೇ, ಅದರ ತಪ್ಪಿನ ಪ್ರಮಾಣ ಎಷ್ಟು ಎಂಬಂತಹ ಪ್ರಶ್ನೆಗಳನ್ನು ನ್ಯಾಯಾಧೀಶರು ಕೇಳಬೇಕೆಂದು ಹೇಳಿತು. ಅಲ್ಲಿಯವರೆಗೆ ಅನುಭವದ ಬಲದ ಮೇಲೆ ಸ್ವೀಕೃತವಾಗಿದ್ದ ಕೈಬರಹ ತಜ್ಞತೆ ಇದರಿಂದ ಇಕ್ಕಟ್ಟಿಗೆ ಸಿಲುಕಿತು. ‘ಪ್ರತಿಯೊಬ್ಬರ ಬರಹವೂ ಭಿನ್ನ’ ಎಂಬ ಮಾತಿಗೆ ಅಂಕಿಅಂಶಗಳ ಆಧಾರ ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು.

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಸರಗೂರು ಎನ್. ಶ್ರೀಹರಿ ಅಗ್ರಗಣ್ಯರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ತೆರಳಿದ ಅವರು ಬಫೆಲೊ ವಿಶ್ವವಿದ್ಯಾಲಯದ ‘ಸೀಡಾರ್’ ಸಂಶೋಧನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಲಕೋಟೆಗಳ ಮೇಲಿನ ಕೈಬರಹದ ವಿಳಾಸಗಳನ್ನು ಯಂತ್ರವೇ ಓದುವಂತೆ ಮಾಡಿದ ಕೆಲಸ ಅಮೆರಿಕದ ಅಂಚೆ ಇಲಾಖೆಗಾಗಿ ನಡೆದದ್ದು ಇದೇ ಕೇಂದ್ರದಲ್ಲಿ. ಅಕ್ಷರ ಓದುವ ಯಂತ್ರಕ್ಕೆ ಬರೆದವರ ವೈಯಕ್ತಿಕ ಲಕ್ಷಣ ಒಂದು ಅಡ್ಡಿ. ಅದನ್ನು ಬದಿಗೆ ಸರಿಸಿ ಅಕ್ಷರವನ್ನು ಹಿಡಿಯಬೇಕು. ಬರೆದವರನ್ನು ಗುರುತಿಸುವ ಯಂತ್ರಕ್ಕೆ ಆ ಲಕ್ಷಣವೇ ಬೇಕಾದುದು. ಶ್ರೀಹರಿ ಮತ್ತು ಸಹೋದ್ಯೋಗಿಗಳು ವಯಸ್ಸು, ಲಿಂಗ, ಜನಾಂಗಗಳ ಪ್ರಾತಿನಿಧ್ಯವಿರುವಂತೆ ಆರಿಸಿದ ಸುಮಾರು 1,500 ಮಂದಿಯಿಂದ 156 ಪದಗಳ ಒಂದೇ ಪತ್ರವನ್ನು ತಲಾ ಮೂರು ಸಲ ಬರೆಯಿಸಿ ಹೋಲಿಸಿದರು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಎರಡು ಬರಹಗಳು ಒಬ್ಬರವೇ ಅಲ್ಲವೇ ಎಂಬ ಪ್ರಶ್ನೆಗೆ ಗಣಕವು ಸುಮಾರು ಶೇ. 96ರಷ್ಟು ಸಂದರ್ಭಗಳಲ್ಲಿ ಸರಿಯುತ್ತರ ಕೊಟ್ಟಿತು. ಇದರ ಮುಂದುವರಿಕೆಯಾಗಿ ‘ಸೀಡಾರ್-ಫಾಕ್ಸ್’ ಎಂಬ ತಂತ್ರಾಂಶ ರೂಪುಗೊಂಡಿತು. ಶ್ರೀಹರಿ 2022ರಲ್ಲಿ ನಿಧನರಾದರು.

ಕಾರ್ಯವಿಧಾನ

ಬಿಂಬ ಸಂಗ್ರಹ ಮತ್ತು ಶುದ್ಧೀಕರಣ: ದಾಖಲೆಯನ್ನು ಸ್ಕ್ಯಾನ್ ಮಾಡಲಾಗುತ್ತದೆ. ಅಂಗುಲಕ್ಕೆ 300 ಅಥವಾ ಹೆಚ್ಚು ಚುಕ್ಕಿಗಳ ಸಾಂದ್ರತೆ ಸಾಮಾನ್ಯ. ಬಳಿಕ ಶಾಯಿಯನ್ನು ಕಾಗದದ ಹಿನ್ನೆಲೆಯಿಂದ ಬೇರ್ಪಡಿಸಲಾಗುತ್ತದೆ. ಬೂದುಬಣ್ಣದ ಯಾವ ಮಟ್ಟದಿಂದ ಆಚೆಗಿನದು ಶಾಯಿ, ಈಚೆಗಿನದು ಕಾಗದ ಎಂಬುದನ್ನು ಯಂತ್ರವೇ ನಿರ್ಧರಿಸಲು 1979ರಲ್ಲಿ ನೊಬುಯುಕಿ ಓಟ್ಸು ಸೂಚಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಮುದ್ರಿತ ಗೆರೆ, ಸೀಲು, ಮಡಿಕೆಯ ಗುರುತುಗಳನ್ನು ಈ ಹಂತದಲ್ಲಿ ತೆಗೆಯಲಾಗುತ್ತದೆ. ಬರಹದ ಮೇಲೆಯೇ ಸೀಲು ಬಿದ್ದಿದ್ದರೆ ಅದನ್ನು ತೆಗೆಯುವಾಗ ಅಕ್ಷರದ ಭಾಗವೂ ಹೋಗುವ ಅಪಾಯವಿದೆ.

ವಿಭಜನೆ: ಪುಟವನ್ನು ಸಾಲುಗಳಾಗಿಯೂ ಸಾಲುಗಳನ್ನು ಪದಗಳಾಗಿಯೂ ಪದಗಳನ್ನು ಅಕ್ಷರಗಳಾಗಿಯೂ ಬಿಡಿಸಲಾಗುತ್ತದೆ. ಯಂತ್ರ ತಪ್ಪಿದಲ್ಲಿ ಪರೀಕ್ಷಕರು ಕೈಯಾರೆ ತಿದ್ದುತ್ತಾರೆ.

ಲಕ್ಷಣಗಳ ಅಳತೆ: ಇಡೀ ಪುಟಕ್ಕೆ ಸೇರಿದ ಸ್ಥೂಲ ಲಕ್ಷಣಗಳು ಒಂದು ಬಗೆ. ಬರಹದ ಓರೆ, ಸಾಲುಗಳ ಅಂತರ, ಅಕ್ಷರದ ಎತ್ತರ, ಶಾಯಿಯ ಗಾಢತೆ ಮೊದಲಾದವು ಇದಕ್ಕೆ ಸೇರುತ್ತವೆ. ಬಿಡಿ ಅಕ್ಷರಕ್ಕೆ ಸೇರಿದ ಸೂಕ್ಷ್ಮ ಲಕ್ಷಣಗಳು ಇನ್ನೊಂದು ಬಗೆ. ಸೀಡಾರ್ ಪದ್ಧತಿಯಲ್ಲಿ ಪ್ರತಿ ಅಕ್ಷರದ ಅಂಚಿನ ದಿಕ್ಕು, ಗೆರೆಗಳ ರಚನೆ ಮತ್ತು ತಗ್ಗುಗಳನ್ನು ಕ್ರಮವಾಗಿ 192, 192 ಮತ್ತು 128 ‘ಹೌದು–ಇಲ್ಲ’ ಅಂಶಗಳಲ್ಲಿ, ಒಟ್ಟು 512 ಅಂಶಗಳಲ್ಲಿ ದಾಖಲಿಸಲಾಗುತ್ತದೆ. ನೆದರ್‌ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಲ್ಯಾಂಬರ್ಟ್ ಸ್ಕೋಮಾಕರ್ ಮತ್ತು ಮಾರಿಯಸ್ ಬುಲಾಕು ಬೇರೊಂದು ದಾರಿ ಹಿಡಿದರು. ಶಾಯಿಯ ಗೆರೆಯ ಅಂಚು ಪ್ರತಿ ಬಿಂದುವಿನಲ್ಲೂ ಯಾವ ಕೋನದಲ್ಲಿ ಬಾಗುತ್ತದೆ ಎಂಬುದರ ಹಂಚಿಕೆಯನ್ನು ಅವರು ಅಳೆದರು. ಇದರಲ್ಲಿ ಅಕ್ಷರ ಯಾವುದೆಂದು ತಿಳಿಯುವ ಅಗತ್ಯವೇ ಇಲ್ಲ. ಆದುದರಿಂದ ಎರಡು ಬರಹಗಳ ವಿಷಯ ಬೇರೆಯಾಗಿದ್ದರೂ ಹೋಲಿಕೆ ಸಾಧ್ಯ.

ಹೋಲಿಕೆ: ಅಳತೆಗಳ ನಡುವಣ ದೂರವನ್ನು ಲೆಕ್ಕಹಾಕಲಾಗುತ್ತದೆ. ಒಬ್ಬರವೇ ಎಂದು ತಿಳಿದ ಜೋಡಿಗಳಲ್ಲಿ ಈ ದೂರ ಎಷ್ಟಿರುತ್ತದೆ, ಬೇರೆಯವರ ಜೋಡಿಗಳಲ್ಲಿ ಎಷ್ಟಿರುತ್ತದೆ ಎಂಬುದನ್ನು ಯಂತ್ರವು ಮೊದಲೇ ಸಂಗ್ರಹದಿಂದ ಕಲಿತಿರುತ್ತದೆ. ಹೊಸ ಜೋಡಿಯ ದೂರವನ್ನು ಆ ಎರಡು ಹಂಚಿಕೆಗಳ ಎದುರಿಟ್ಟು ನೋಡಲಾಗುತ್ತದೆ. ಈಚಿನ ನರಜಾಲ ವಿಧಾನಗಳಲ್ಲಿ ಯಾವ ಲಕ್ಷಣ ಮುಖ್ಯವೆಂಬುದನ್ನೂ ಯಂತ್ರವೇ ಬಿಂಬಗಳಿಂದ ಕಲಿಯುತ್ತದೆ. ಇದರಿಂದ ನಿಖರತೆ ಹೆಚ್ಚಿದರೂ, ಯಾವ ಕಾರಣಕ್ಕೆ ಈ ತೀರ್ಮಾನ ಎಂದು ನ್ಯಾಯಾಲಯದಲ್ಲಿ ವಿವರಿಸುವುದು ಕಷ್ಟವಾಗುತ್ತದೆ.

ಸಹಿಯ ಪರಿಶೀಲನೆ

ಸಹಿಯು ಚಿಕ್ಕದು, ರೂಢಿಯಿಂದ ಬರುವಂಥದು, ಮತ್ತು ಖೋಟಾ ಮಾಡುವವರ ಮುಖ್ಯ ಗುರಿ. ಹೀಗಾಗಿ ಅದರ ಪರಿಶೀಲನೆ ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಕಾಗದದ ಮೇಲಿನ ಸಹಿಯ ಬಿಂಬವನ್ನಷ್ಟೇ ನೋಡುವುದು ಸ್ಥಿರ ಪರಿಶೀಲನೆ. ವಿದ್ಯುನ್ಮಾನ ಫಲಕದ ಮೇಲೆ ಸಹಿ ಹಾಕಿಸಿಕೊಂಡು ಲೇಖನಿಯ ವೇಗ, ಒತ್ತಡ, ಎತ್ತಿ ಇಟ್ಟ ಕ್ಷಣಗಳನ್ನು ದಾಖಲಿಸುವುದು ಚಲನಶೀಲ ಪರಿಶೀಲನೆ. ಆಕಾರವನ್ನು ಅನುಕರಿಸುವವನಿಗೆ ವೇಗದ ಲಯವನ್ನು ಅನುಕರಿಸುವುದು ಸುಲಭವಲ್ಲವಾದುದರಿಂದ ಎರಡನೆಯದು ಹೆಚ್ಚು ವಿಶ್ವಾಸಾರ್ಹ. ಆದರೆ ನ್ಯಾಯಾಲಯಕ್ಕೆ ಬರುವ ಹಳೆಯ ಪತ್ರಗಳಲ್ಲಿ ಆ ಮಾಹಿತಿ ಇರುವುದಿಲ್ಲ. ಗೆರೆಯ ನಡುಕ, ಅನಗತ್ಯ ನಿಲುಗಡೆ, ತುದಿಗಳ ಮೊಂಡುತನ ಮೊದಲಾದ ಕುರುಹುಗಳಿಂದ ನಿಧಾನವಾಗಿ ಬರೆದದ್ದನ್ನು ಊಹಿಸಬೇಕಾಗುತ್ತದೆ.

ಎರಡು ಬಿಂಬಗಳನ್ನು ಒಂದೇ ಬಗೆಯ ಜೋಡಿ ಜಾಲಗಳಿಗೆ ಕೊಟ್ಟು ಹೋಲಿಸುವ ‘ಸಯಾಮಿ’ ನರಜಾಲವು ಮೊದಲು ಪ್ರಕಟವಾದದ್ದು 1993ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆದ ಸಹಿ ಪರಿಶೀಲನೆಯ ಸಂಶೋಧನೆಯಲ್ಲೇ. ಚಲನಶೀಲ ಸಹಿಯ ಕ್ಷೇತ್ರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಡಿ. ಎಸ್. ಗುರು ಮತ್ತು ಎಚ್. ಎನ್. ಪ್ರಕಾಶ್ 2009ರಲ್ಲಿ ಪ್ರಕಟಿಸಿದ ವಿಧಾನ ಉಲ್ಲೇಖನೀಯ. ಪ್ರತಿ ಲಕ್ಷಣಕ್ಕೂ ಒಂದೇ ಅಂಕಿಯನ್ನು ಇಡುವ ಬದಲು ಕನಿಷ್ಠ–ಗರಿಷ್ಠಗಳ ವ್ಯಾಪ್ತಿಯನ್ನು ದಾಖಲಿಸುವ ಮೂಲಕ ಅದು ಒಬ್ಬರ ಸಹಜ ವ್ಯತ್ಯಾಸಕ್ಕೆ ಜಾಗ ಕೊಡುತ್ತದೆ.

ಸಹಿ ಪರಿಶೀಲನೆಯ ತಪ್ಪುಗಳು ಎರಡು ಬಗೆಯವು: ಖೋಟಾ ಸಹಿಯನ್ನು ಅಸಲಿ ಎನ್ನುವುದು ಮತ್ತು ಅಸಲಿ ಸಹಿಯನ್ನು ಖೋಟಾ ಎನ್ನುವುದು. ಯಂತ್ರವನ್ನು ಬಿಗಿಗೊಳಿಸಿದಷ್ಟೂ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಮಿತಿಯ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಗಣಿತದ ಪ್ರಶ್ನೆ ಮಾತ್ರವಲ್ಲ, ಯಾವ ತಪ್ಪು ಹೆಚ್ಚು ಹಾನಿಕರ ಎಂಬ ವಿವೇಚನೆಯ ಪ್ರಶ್ನೆಯೂ ಹೌದು.

ಫಲಿತಾಂಶದ ಅರ್ಥ

ಇಂದಿನ ತಂತ್ರಾಂಶಗಳು ಫಲಿತಾಂಶವನ್ನು ಹೆಚ್ಚಾಗಿ ಸಾಧ್ಯತಾ ಅನುಪಾತದ ರೂಪದಲ್ಲಿ ಕೊಡುತ್ತವೆ. ಬರೆದವರು ಒಬ್ಬರೇ ಆಗಿದ್ದರೆ ಇಷ್ಟು ಸಾಮ್ಯ ಕಾಣುವ ಸಂಭವವು, ಬೇರೆಯವರಾಗಿದ್ದರೆ ಕಾಣುವ ಸಂಭವದ ಎಷ್ಟು ಪಟ್ಟು ಎಂಬುದೇ ಈ ಅನುಪಾತ. ಇದನ್ನು ‘ಆರೋಪಿಯೇ ಬರೆದಿರುವ ಸಂಭವ’ ಎಂದು ಓದುವುದು ಸಾಮಾನ್ಯವಾದ, ಆದರೆ ಗಂಭೀರವಾದ ತಪ್ಪು.

ಉದಾಹರಣೆಗೆ, ಅನುಪಾತ 1,000 ಬಂದಿದೆ ಎಂದು ಭಾವಿಸಬಹುದು. ಚೀಟಿಯನ್ನು ಬರೆಯಬಹುದಾಗಿದ್ದವರು ಒಂದು ಕಚೇರಿಯ ಐವರು ಮಾತ್ರ, ಐವರ ಮೇಲೂ ಸಮಾನ ಸಂಶಯ ಎಂದಾದರೆ, ಆರೋಪಿಯ ವಿರುದ್ಧದ ಲೆಕ್ಕ ನಾಲ್ಕಕ್ಕೆ ಸಾವಿರ, ಅಂದರೆ ಒಂದಕ್ಕೆ 250 ಆಗುತ್ತದೆ. ಅದೇ ಚೀಟಿಯನ್ನು ಒಂದು ಲಕ್ಷ ಜನರಿರುವ ಊರಿನ ಯಾರಾದರೂ ಬರೆದಿರಬಹುದಾಗಿದ್ದು, ಬೇರಾವ ಸಾಕ್ಷ್ಯವೂ ಇಲ್ಲದಿದ್ದರೆ, ಅದೇ ಅನುಪಾತದಿಂದ ಆರೋಪಿ ಬರೆದಿರುವ ಸಂಭವ ಸುಮಾರು ನೂರಕ್ಕೆ ಒಂದು ಮಾತ್ರ. ಯಂತ್ರದ ಅಂಕಿ ಬದಲಾಗಿಲ್ಲ. ಪ್ರಕರಣದ ಇತರ ಸಂಗತಿಗಳು ಬದಲಾಗಿವೆ. ಆ ಸಂಗತಿಗಳನ್ನು ತೂಗುವುದು ನ್ಯಾಯಾಧೀಶರ ಕೆಲಸವೇ ಹೊರತು ಯಂತ್ರದ್ದಾಗಲಿ ತಜ್ಞರದ್ದಾಗಲಿ ಅಲ್ಲ.

ನಿಖರತೆಯ ಅಧ್ಯಯನಗಳು

ಮೋಶೆ ಕಾಮ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರ ಬರಹಗಳನ್ನು ಒಬ್ಬರವೇ ಎಂದು ತಪ್ಪಾಗಿ ಹೇಳಿದ ಪ್ರಮಾಣ ವೃತ್ತಿನಿರತ ಪರೀಕ್ಷಕರಲ್ಲಿ ಶೇ. 6.5, ಸಾಮಾನ್ಯರಲ್ಲಿ ಶೇ. 38.3 ಆಗಿತ್ತು. ಬರಹವನ್ನು ಗುರುತಿಸುವುದು ಯಾರೂ ಮಾಡಬಲ್ಲ ಕೆಲಸವೆಂಬ ನಂಬಿಕೆಗೆ ಇದು ವಿರುದ್ಧವಾಗಿತ್ತು. 2022ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 86 ಪರೀಕ್ಷಕರು 180 ಹೋಲಿಕೆಗಳ ಬಗ್ಗೆ ಒಟ್ಟು 7,196 ಅಭಿಪ್ರಾಯಗಳನ್ನು ನೀಡಿದರು. ಬೇರೆಯವರ ಬರಹವನ್ನು ಒಬ್ಬರದೇ ಎಂದದ್ದು ಶೇ. 3.1, ಒಬ್ಬರದೇ ಬರಹವನ್ನು ಬೇರೆಯವರದೆಂದದ್ದು ಶೇ. 1.1. ಅವಳಿಗಳ ಬರಹದಲ್ಲಿ ಮೊದಲ ಬಗೆಯ ತಪ್ಪು ಶೇ. 8.7ಕ್ಕೆ ಏರಿತು. ಶ್ರೀಹರಿ ಮತ್ತು ಸಹೋದ್ಯೋಗಿಗಳು 2008ರಲ್ಲಿ 206 ಅವಳಿ ಜೋಡಿಗಳ ಬರಹವನ್ನು ಗಣಕದಿಂದ ಪರೀಕ್ಷಿಸಿದಾಗಲೂ ಇತರರಿಗಿಂತ ಅವಳಿಗಳಲ್ಲಿ ತಪ್ಪು ಹೆಚ್ಚಾಗಿ ಕಂಡಿತ್ತು.

ಇಂತಹ ಶೇಕಡಾವಾರುಗಳು ಆಯಾ ಅಧ್ಯಯನದ ಮಾದರಿಗಳಿಗೆ ಅನ್ವಯವಾಗುತ್ತವೆ. ಮೇಜಿನ ಮುಂದೆ ಕುಳಿತು ಸಮಾಧಾನದಿಂದ ನಕಲು ಮಾಡಿದ ಪತ್ರದ ಮೇಲೆ ಬಂದ ನಿಖರತೆಯನ್ನು, ಅವಸರದಲ್ಲಿ ಗೀಚಿದ ನಾಲ್ಕು ಪದಗಳ ಚೀಟಿಗೆ ಹಾಗೆಯೇ ಹೊರಿಸುವುದು ಸರಿಯಲ್ಲ.

ಮಿತಿಗಳು

ಮಾದರಿಯ ಸಾಚಾತನ: ಹೋಲಿಕೆಗೆ ಆಧಾರವಾದ ಬರಹವೇ ಸಂಶಯಾಸ್ಪದವಾಗಿದ್ದರೆ ಉಳಿದದ್ದೆಲ್ಲ ವ್ಯರ್ಥ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ದಿನಚರಿಗಳೆಂದು ಪ್ರಕಟಿಸಿದ ಪುಸ್ತಕಗಳನ್ನು ಕೈಬರಹ ತಜ್ಞರು ಮೊದಲು ಅಸಲಿ ಎಂದಿದ್ದರು. ಅವರಿಗೆ ಹೋಲಿಕೆಗೆಂದು ಕೊಟ್ಟ ಮಾದರಿಗಳಲ್ಲಿಯೂ ಖೋಟಾಗಾರ ಕೊನ್ರಾಡ್ ಕುಯಾವ್‌ನ ಕೈಬರಹವೇ ಸೇರಿಕೊಂಡಿತ್ತು. ಕಾಗದದಲ್ಲಿದ್ದ, ಎರಡನೇ ಮಹಾಯುದ್ಧದ ಬಳಿಕವಷ್ಟೇ ಬಳಕೆಗೆ ಬಂದ ಬಿಳುಪುಕಾರಕವು ಕೊನೆಗೆ ಮೋಸವನ್ನು ಬಯಲುಮಾಡಿತು. ಎಂತಹ ಯಂತ್ರವಿದ್ದರೂ ಇಂತಹ ಮಾದರಿಗಳಿಂದ ಅದು ‘ಬರೆದವರು ಒಬ್ಬರೇ’ ಎಂದೇ ಹೇಳುತ್ತಿತ್ತು, ಮತ್ತು ಆ ಮಾತು ಒಂದು ಅರ್ಥದಲ್ಲಿ ನಿಜವೂ ಆಗಿರುತ್ತಿತ್ತು.

ಬರಹದ ಪ್ರಮಾಣ ಮತ್ತು ಸ್ಥಿತಿ: ಪದಗಳು ಕಡಿಮೆಯಾದಷ್ಟೂ ತೀರ್ಮಾನ ದುರ್ಬಲವಾಗುತ್ತದೆ. ಜೆರಾಕ್ಸ್ ಪ್ರತಿ ಅಥವಾ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಗೆರೆಯ ಒತ್ತಡ, ಶಾಯಿಯ ಹರಿವು, ಗೆರೆಗಳು ಒಂದನ್ನೊಂದು ದಾಟಿದ ಕ್ರಮ ತಿಳಿಯುವುದಿಲ್ಲ. ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ ಅಸಲಿ ಸಹಿಯೂ ಅಂತಹ ಪ್ರತಿಯಲ್ಲಿ ಸರಿಯಾಗಿಯೇ ಕಾಣುತ್ತದೆ.

ಕಾಲ ಮತ್ತು ದೇಹಸ್ಥಿತಿ: ವಯಸ್ಸು, ಪಾರ್ಶ್ವವಾಯು, ಕೈನಡುಕ, ಮದ್ಯಪಾನ, ಬರೆಯುವ ಭಂಗಿ ಇವೆಲ್ಲ ಬರಹವನ್ನು ಬದಲಿಸುತ್ತವೆ. ಹಾಸಿಗೆ ಹಿಡಿದ ವೃದ್ಧರೊಬ್ಬರು ಉಯಿಲಿಗೆ ಹಾಕಿದ ಸಹಿಯನ್ನು ಇಪ್ಪತ್ತು ವರ್ಷ ಹಿಂದಿನ ಬ್ಯಾಂಕ್ ಸಹಿಯೊಡನೆ ಮಾತ್ರ ಹೋಲಿಸಿದರೆ ಅಸಲಿ ಸಹಿಯೇ ಖೋಟಾ ಎಂದು ತೋರಬಹುದು. ಅದೇ ಕಾಲದ ಮಾದರಿಗಳನ್ನು ಹುಡುಕುವುದು ಪರೀಕ್ಷಕರ ಮೊದಲ ಕರ್ತವ್ಯಗಳಲ್ಲಿ ಒಂದು.

ವೇಷಮರೆಸಿದ ಬರಹ: ಬೇಕೆಂದೇ ಬರಹವನ್ನು ಬದಲಿಸಿದಾಗ, ಎಡಗೈಯಿಂದ ಬರೆದಾಗ ಅಥವಾ ಮತ್ತೊಬ್ಬರನ್ನು ಅನುಕರಿಸಿದಾಗ ಸಹಜ ಬರಹದ ಮೇಲೆ ಕಲಿತ ಯಂತ್ರ ದಾರಿ ತಪ್ಪುತ್ತದೆ.

ಯಂತ್ರ ಬರೆದ ಬರಹ: ಒಬ್ಬರ ಶೈಲಿಯಲ್ಲಿ ಕೈಬರಹವನ್ನು ಸೃಷ್ಟಿಸಬಲ್ಲ ನರಜಾಲಗಳು ಈಗ ಇವೆ. ಅಲೆಕ್ಸ್ ಗ್ರೇವ್ಸ್ 2013ರಲ್ಲಿ ಪ್ರಕಟಿಸಿದ ಸಂಶೋಧನೆ ಈ ದಿಕ್ಕಿನ ಆರಂಭದ ಹೆಜ್ಜೆಗಳಲ್ಲಿ ಒಂದು. ಬಿಂಬವೊಂದನ್ನೇ ನೋಡುವ ವಿಧಾನಗಳಿಗೆ ಇದು ಹೊಸ ಸವಾಲು. ಮೂಲ ಕಾಗದ, ಶಾಯಿ ಮತ್ತು ಲೇಖನಿ ಒತ್ತಿದ ತಗ್ಗುಗಳ ಪರೀಕ್ಷೆ ಇದರಿಂದ ಇನ್ನಷ್ಟು ಮಹತ್ವ ಪಡೆದಿದೆ.

ಹಸ್ತಪ್ರತಿ ಅಧ್ಯಯನದಲ್ಲಿ

ಅಪರಾಧ ತನಿಖೆಗೆಂದು ಬೆಳೆದ ವಿಧಾನಗಳು ಪ್ರಾಚೀನ ಬರಹಗಳ ಅಧ್ಯಯನಕ್ಕೂ ನೆರವಾಗಿವೆ. ಮೃತ ಸಮುದ್ರದ ಸುರುಳಿಗಳಲ್ಲಿ ಒಂದಾದ ಯೆಶಾಯನ ಮಹಾಸುರುಳಿಯು ಒಬ್ಬನೇ ಲಿಪಿಕಾರನದಂತೆ ಕಂಡರೂ, ಅದರ 54 ಅಂಕಣಗಳ ನಡುವೆ, ಸುಮಾರು 27ನೇ ಅಂಕಣದ ಬಳಿಕ ಕೈ ಬದಲಾಗಿದೆ ಎಂದು ಗ್ರೋನಿಂಗನ್ ತಂಡವು 2021ರಲ್ಲಿ ತೋರಿಸಿತು. ಇಸ್ರೇಲಿನ ಅರಾದ್ ಎಂಬಲ್ಲಿ ದೊರೆತ, ಕ್ರಿ.ಪೂ. 600ರ ಆಸುಪಾಸಿನ ಮಡಕೆಚೂರುಗಳ ಬರಹಗಳನ್ನು ಟೆಲ್ ಅವೀವ್ ವಿಶ್ವವಿದ್ಯಾಲಯದ ತಂಡ ಪರಿಶೀಲಿಸಿತು. 2020ರ ಅಧ್ಯಯನದಲ್ಲಿ ಗಣಕದ ಲೆಕ್ಕದ ಜೊತೆಗೆ ದಾಖಲೆ ಪರೀಕ್ಷಕರೊಬ್ಬರ ಅಭಿಪ್ರಾಯವನ್ನೂ ಪಡೆದು, 18 ಬರಹಗಳ ಹಿಂದೆ ಕನಿಷ್ಠ 12 ಮಂದಿ ಬರಹಗಾರರಿದ್ದರೆಂದು ತೀರ್ಮಾನಿಸಲಾಯಿತು.

ಭಾರತದಲ್ಲಿ ಕಾನೂನಿನ ಸ್ಥಾನ

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಪ್ರಕರಣವು ಕೈಬರಹದ ಗುರುತಿನ ಬಗ್ಗೆ ತಜ್ಞರ ಅಭಿಪ್ರಾಯವನ್ನೂ, 47ನೆಯದು ಆ ಬರಹದ ಪರಿಚಯವಿರುವವರ ಅಭಿಪ್ರಾಯವನ್ನೂ ಸುಸಂಗತವೆಂದು ಪರಿಗಣಿಸಿತ್ತು. 73ನೇ ಪ್ರಕರಣದಡಿ ನ್ಯಾಯಾಲಯವೇ ಬರಹಗಳನ್ನು ಹೋಲಿಸಿ ನೋಡಬಹುದಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಇವುಗಳಿಗೆ ಸಂವಾದಿಯಾದವು ಕ್ರಮವಾಗಿ 39, 41 ಮತ್ತು 72ನೇ ಪ್ರಕರಣಗಳು. ಮಾದರಿ ಬರಹ ಕೊಡುವಂತೆ ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆರೋಪಿಯಿಂದ ಮಾದರಿ ಬರಹ ಪಡೆಯುವುದು ಸ್ವತಃ ತನ್ನ ವಿರುದ್ಧ ಸಾಕ್ಷ್ಯ ನುಡಿಯುವಂತೆ ಬಲವಂತಪಡಿಸಿದಂತಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಾಧೀಶರ ಪೀಠ 1961ರಲ್ಲಿ ಕಥಿ ಕಾಲು ಓಘಡ್ ಪ್ರಕರಣದಲ್ಲಿ ತೀರ್ಪಿತ್ತಿತು.

ತಜ್ಞರ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಡಬೇಕೆಂಬ ಬಗ್ಗೆ ಮುರಾರಿ ಲಾಲ್ ಪ್ರಕರಣದ ತೀರ್ಪು ಮಾರ್ಗದರ್ಶಿಯಾಗಿದೆ. ಬೇರೆ ಸಾಕ್ಷ್ಯದ ಬೆಂಬಲವಿಲ್ಲದೆ ಕೈಬರಹ ತಜ್ಞರ ಅಭಿಪ್ರಾಯವನ್ನು ಒಪ್ಪಲೇಬಾರದೆಂಬ ನಿಯಮವಿಲ್ಲ. ಆದರೆ ಈ ಶಾಸ್ತ್ರವು ಬೆರಳಚ್ಚಿನಷ್ಟು ಪರಿಪೂರ್ಣವಲ್ಲವಾದುದರಿಂದ ಎಚ್ಚರಿಕೆಯಿಂದ ಮುನ್ನಡೆಯಬೇಕು, ತಜ್ಞರು ಕೊಟ್ಟ ಕಾರಣಗಳನ್ನು ಕೆದಕಿ ನೋಡಬೇಕು ಎಂಬುದು ಅದರ ಸಾರ. ಗಣಕದ ಅಂಕಿಗೂ ಇದೇ ಅಳತೆಗೋಲು ಅನ್ವಯವಾಗುತ್ತದೆ. ಕಾರಣ ಹೇಳಲಾಗದ ಅಂಕಿ, ಕಾರಣ ಹೇಳಲಾಗದ ತಜ್ಞರಂತೆಯೇ, ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ಕೇಂದ್ರ ಸರ್ಕಾರದ ವಿವಾದಿತ ದಾಖಲೆ ಪರೀಕ್ಷಕರ ಕಚೇರಿಗಳು ಶಿಮ್ಲಾ, ಕೋಲ್ಕತ್ತ ಮತ್ತು ಹೈದರಾಬಾದಿನಲ್ಲಿ ಸ್ಥಾಪನೆಗೊಂಡವು. ರಾಜ್ಯಗಳ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿಯೂ ದಾಖಲೆ ವಿಭಾಗಗಳಿವೆ.

ಕನ್ನಡ ಬರಹದ ವಿಶೇಷಗಳು

ಇಂಗ್ಲಿಷಿಗೆಂದು ರೂಪಿಸಿದ ತಂತ್ರಾಂಶವು ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರ ರೂಪಗಳು ಕೆಲವೇ ಇದ್ದು ಒಂದು ಪುಟದಲ್ಲಿ ಹಲವು ಸಲ ಮರುಕಳಿಸುತ್ತವೆ. ಕನ್ನಡದಲ್ಲಿ ಕಾಗುಣಿತ ಮತ್ತು ಒತ್ತಕ್ಷರಗಳಿಂದ ರೂಪಗಳ ಸಂಖ್ಯೆ ಬಹಳ ಹೆಚ್ಚುತ್ತದೆ. ಚಿಕ್ಕ ಚೀಟಿಯಲ್ಲಿ ಒಂದೇ ರೂಪ ಎರಡನೇ ಸಲ ಸಿಗದೆಯೂ ಹೋಗಬಹುದು. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ತಗಲುವುದರಿಂದ ಸಾಲುಗಳನ್ನು ಬೇರ್ಪಡಿಸುವ ಹಂತದಲ್ಲೇ ಯಂತ್ರ ಎಡವುತ್ತದೆ.

ಆದರೆ ಕನ್ನಡ ಬರಹವು ವೈಯಕ್ತಿಕ ಲಕ್ಷಣಗಳಿಗೆ ಸಾಕಷ್ಟು ಎಡೆ ಕೊಡುತ್ತದೆ. ತಲೆಕಟ್ಟನ್ನು ಅಕ್ಷರದೊಡನೆ ಒಂದೇ ಎಳೆತದಲ್ಲಿ ಬರೆಯುವುದು ಅಥವಾ ಕೊನೆಯಲ್ಲಿ ಬೇರೆಯಾಗಿ ಹಾಕುವುದು, ಮಹಾಪ್ರಾಣದ ಸೀಳಿನ ಉದ್ದ ಮತ್ತು ದಿಕ್ಕು, ಒತ್ತಕ್ಷರವನ್ನು ನೇರ ಕೆಳಗೆ ಅಥವಾ ಬಲಕ್ಕೆ ಸರಿಸಿ ಇಡುವುದು, ಅರ್ಕಾವೊತ್ತಿನ ಬಳಕೆ, ಸೊನ್ನೆಯ ಗಾತ್ರ, ಕೊಂಬಿನ ಬಾಲ, ‘ಪ’ ಮತ್ತು ‘ವ’ಗಳನ್ನು ಪ್ರತ್ಯೇಕಿಸುವ ರೀತಿ ಇವೆಲ್ಲ ಹೋಲಿಕೆಗೆ ಒದಗುತ್ತವೆ. ಇವುಗಳಲ್ಲಿ ಕೆಲವು ಶಾಲೆಯಲ್ಲಿ ಕಲಿಸಿದ ಕ್ರಮದಿಂದ ಬಂದ ವರ್ಗಲಕ್ಷಣಗಳೂ ಆಗಿರಬಹುದು. ಯಾವುದು ಅಪರೂಪ, ಯಾವುದು ಸಾಮಾನ್ಯ ಎಂಬುದನ್ನು ಹೇಳಲು ಬೇರೆ ಬೇರೆ ಜಿಲ್ಲೆ, ವಯಸ್ಸು ಮತ್ತು ವೃತ್ತಿಗಳ ಜನರಿಂದ ಪಡೆದ ದೊಡ್ಡ ಸಂಗ್ರಹ ಬೇಕು.

ಈ ನಿಟ್ಟಿನಲ್ಲಿ ಕೆಲವು ಪ್ರಯತ್ನಗಳು ನಡೆದಿವೆ. ಅಲಿರೆಜಾ ಅಲಾಯಿ, ಪಿ. ನಾಗಭೂಷಣ್ ಮತ್ತು ಉಮಾಪದ ಪಾಲ್ ಸಿದ್ಧಪಡಿಸಿದ ಕನ್ನಡ ಕೈಬರಹ ದತ್ತಸಂಚಯದಲ್ಲಿ 51 ಮಂದಿ ಬರೆದ 204 ಪುಟಗಳೂ 4,298 ಸಾಲುಗಳೂ ಇವೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ‘ಮುಕೋಸ್’ ಎಂಬ ಕನ್ನಡ ಸಹಿಗಳ ಸಂಗ್ರಹ ರೂಪುಗೊಂಡಿದೆ. ಹೋಲಿಕೆಗೆ, ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ‘ಐಎಎಂ’ ಇಂಗ್ಲಿಷ್ ಸಂಗ್ರಹದಲ್ಲಿ 657 ಬರಹಗಾರರ 1,539 ಪುಟಗಳಿವೆ. ಹಿಂದಿ ಮತ್ತು ಬಂಗಾಳಿ ಸಹಿಗಳ ‘ಬಿಎಚ್‌ಸಿಗ್260’ ಸಂಗ್ರಹದಲ್ಲಿ 260 ಮಂದಿಯ ಸಹಿಗಳಿವೆ.

ಐವತ್ತೊಂದು ಮಂದಿಯ ಬರಹವು ಸಾಲು ಬಿಡಿಸುವ, ಅಕ್ಷರ ಓದುವ ಕ್ರಮವಿಧಿಗಳನ್ನು ಪರೀಕ್ಷಿಸಲು ಉಪಯುಕ್ತ. ಕೋಟ್ಯಂತರ ಕನ್ನಡಿಗರಲ್ಲಿ ಒಂದು ತಿರುವು ಎಷ್ಟು ಅಪರೂಪ ಎಂದು ನ್ಯಾಯಾಲಯದ ಮುಂದೆ ಹೇಳಲು ಅದು ಸಾಲದು. ಅಂತಹ ಸಂಗ್ರಹವಿಲ್ಲದೆ ಯಂತ್ರವೊಂದು ಕನ್ನಡದ ಸಾಲಪತ್ರದ ಬಗ್ಗೆ ಕೊಡುವ ಅಂಕಿಯು, ನೋಡಲು ಎಷ್ಟೇ ನಿಖರವಾಗಿದ್ದರೂ, ಬೇರೆ ಲಿಪಿಯ ಬೇರೆ ಜನರ ಬರಹದಿಂದ ಕಲಿತದ್ದಾಗಿರುತ್ತದೆ. ಕನ್ನಡ ದಾಖಲೆಗಳ ಪರೀಕ್ಷೆಯಲ್ಲಿ ಲಿಪಿಯನ್ನು ಬಲ್ಲ ಪರೀಕ್ಷಕರ ಕಣ್ಣು ಈ ಕಾರಣದಿಂದಲೇ ಅನಿವಾರ್ಯವಾಗಿದೆ.

ಇವನ್ನೂ ನೋಡಿ

ವಿಧಿವಿಜ್ಞಾನ
ಬೆರಳಚ್ಚು
ಕನ್ನಡ ಲಿಪಿ
ಯಂತ್ರಕಲಿಕೆ
ಡ್ರೇಫಸ್ ಪ್ರಕರಣ